ವೀರೇಂದ್ರ ಮೇಷ್ಟ್ರ ವಿವೇಕ

ಬೇಸಿಗೆ ರಜೆಯ ವಿಶೇಷ ತರಗತಿ, ಶನಿವಾರದ ಕೊನೆಯ ಪೀರಿಯಡ್ಡಿನಲ್ಲಿ ಶರಣ್ಯಾ ಎಂಬ ಹುಡುಗಿ ಎದ್ದು ನಿಂತು ಕೇಳಿದ ಪ್ರಶ್ನೆಗೆ ಉತ್ತರ ಹೇಳಿ ಮುಗಿಸಿದ ಮೇಲೂ ವೀರೇಂದ್ರನಿಗೆ ತಾನು ಉತ್ತರ ಹೇಳಿದೆ ಅನ್ನಿಸಲಿಲ್ಲ. ಬೋರ್ಡಿನ ಮೇಲೆ ಅವನು ಬರೆದಿದ್ದದ್ದು ಸಮಾನಾರ್ಥಕ ಪದಗಳು. ಮೇಲೆ ವಿವೇಕ, ಅದರ ಕೆಳಗೆ ಎಚ್ಚರ, ಜಾಗ್ರತೆ, ಮುಂದಾಲೋಚನೆ, ದೂರದೃಷ್ಟಿ. ಇಪ್ಪತ್ತೆಂಟು ವರ್ಷದಿಂದ ಬರೆಸುತ್ತ ಬಂದ ಪಟ್ಟಿ. ಕೈ ತಾನಾಗಿಯೇ ಬರೆಯುತ್ತಿತ್ತು. "ಸಾರ್, ಇವೆಲ್ಲ ಒಂದೇನಾ? ನಮ್ಮಜ್ಜಿ ಎಚ್ಚರ ಅಂದ್ರೆ ನಿದ್ದೆ ಬರದೇ ಇರೋದು ಅಂತಾರೆ" ಅಂದಳು ಹುಡುಗಿ. ಕ್ಲಾಸು ನಕ್ಕಿತು. ಅವನೂ ನಕ್ಕ. ವಿವೇಕ ಅಂದರೆ ಮೂಲದಲ್ಲಿ ಬೇರ್ಪಡಿಸುವುದು ಅಂತ, ಇದು ಮಾಡಬಹುದಾದ್ದು, ಇದು ಮಾಡಬಾರದ್ದು ಅಂತ ಬೇರೆ ಬೇರೆ ಮಾಡಿ ನೋಡುವ ಬುದ್ಧಿ ಅಂತ ಹೇಳಿದ. ಹುಡುಗಿ ಕೂರಲಿಲ್ಲ. "ಬೇರೆ ಮಾಡಿ ನೋಡಿದ ಮೇಲೆ ಏನ್ ಮಾಡ್ಬೇಕು ಸಾರ್?" ಅಂದಳು. ಅದರಲ್ಲಿ ಕುಚೋದ್ಯ ಇರಲಿಲ್ಲ. ಅವನು ಏನೋ ಹೇಳಿದ, ಪರೀಕ್ಷೆಗೆ ಅಷ್ಟು ಸಾಕು ಎಂಬರ್ಥದ್ದು, ಅಷ್ಟರಲ್ಲಿ ಬೆಲ್ ಹೊಡೆಯಿತು. ಮಕ್ಕಳೆಲ್ಲ ಹೋದ ಮೇಲೆ ಬೋರ್ಡು ಒರೆಸುತ್ತ ನಿಂತವನಿಗೆ ಮಿಕ್ಕ ಪದಗಳೆಲ್ಲ ಸಲೀಸಾಗಿ ಅಳಿಸಿಹೋಗಿ ಮೇಲಿನದೊಂದು ಮಾತ್ರ ಬಿಳಿ ಮಸುಕಾಗಿ ಉಳಿದುಕೊಂಡಂತೆ ಕಂಡಿತು. ಎರಡು ಸಲ ಒತ್ತಿ ಒರೆಸಿದ.

ಅಸಲಿಗೆ ಅವನ ಮನಸ್ಸು ಗುರುವಾರದಿಂದಲೇ ಸರಿ ಇರಲಿಲ್ಲ. ಗುರುವಾರ ಸಂಜೆ ಜಲಜಮ್ಮನ ಫೋನು ಬಂದಿತ್ತು. ಜನ್ನಾಪುರದಲ್ಲಿ ವೀರೇಂದ್ರನ ಮನೆಗೂ ಜಲಜಮ್ಮನ ಮನೆಗೂ ನಡುವೆ ಒಂದೇ ಗೋಡೆ. ಒಂದೇ ಸೂರಿನ ಎರಡು ಮನೆ. ಹದಿನಾರು ವರ್ಷ ಹಾಗೆ ಇದ್ದವರು. ಗಂಡ ರಾಮಚಂದ್ರಪ್ಪ ಕೊರೊನಾದ ಎರಡನೇ ಅಲೆಯಲ್ಲಿ ತೀರಿಕೊಂಡ ಮೇಲೆ ಆಕೆ ಆಸ್ಪತ್ರೆಯಿಂದ ನೇರ ಶಿವಮೊಗ್ಗಕ್ಕೆ, ಗೋಪಾಳದ ಅಕ್ಕನ ಮನೆಯ ಮಹಡಿಗೆ ಹೋದವಳು ತಿರುಗಿ ಈ ಓಣಿಗೆ ಕಾಲಿಟ್ಟಿರಲಿಲ್ಲ. ಮೈದುನ ಬಂದು ಸಾಮಾನೆಲ್ಲ ಟೆಂಪೋದಲ್ಲಿ ಸಾಗಿಸಿದ್ದ. ಈಗ ಮೂರು ವರ್ಷದ ಮೇಲೆ ಫೋನು. "ಮೇಷ್ಟ್ರೇ, ಶನಿವಾರ ಸ್ಕೂಲ್ ಬಿಟ್ಮೇಲೆ ಒಂದು ಗಳಿಗೆ ಬಂದ್ಹೋಗಿ. ಫೋನಲ್ಲಿ ಆಡೋ ಮಾತಲ್ಲ. ಎದುರಿಗೇ ಹೇಳ್ಬೇಕು. ಮೂರು ವರ್ಷದಿಂದ ಎದೇಲಿ ಇಟ್ಕೊಂಡಿದೀನಿ." ಆ ದನಿಯಲ್ಲಿ ಸಿಟ್ಟಿತ್ತೋ ಇಲ್ಲವೋ ಎಂದು ಎರಡು ದಿನವಿಡೀ ತೂಗಿ ನೋಡಿದ್ದ. ಸಿಟ್ಟಿರಲಿಲ್ಲ. ಅದೇ ಹೆದರಿಕೆ ಹುಟ್ಟಿಸಿತ್ತು.

ಸ್ಕೂಲಿನಿಂದ ನೇರ ಹತ್ತಿದ ಶಿವಮೊಗ್ಗದ ಬಸ್ಸಿನಲ್ಲಿ ಕಂಡಕ್ಟರ್ ಅವನ ಸೀಟು ದಾಟಿ ಮುಂದೆ ಹೋಗಿಬಿಟ್ಟ. ಕರೆದು ನೋಟು ಚಾಚಿದರೆ, "ನಿಮ್ದಾಯ್ತಲ್ಲ ಸಾರ್" ಅಂದ.

"ಇಲ್ಲಪ್ಪ, ನಾನೀಗ ಹತ್ತಿದ್ದು."

"ಆಗ್ಲೇ ಕೊಟ್ರಲ್ಲ ಮಾರಾಯ್ರೇ, ಮುಂದೆ ಕೂತಿದ್ರಿ. ಟಿಕೆಟ್ ಜೇಬಲ್ಲಿರುತ್ತೆ ನೋಡಿ."

ವೀರೇಂದ್ರ ಜೇಬು ಮುಟ್ಟಿ ನೋಡಿಕೊಂಡ. ಇರಲಿಲ್ಲ. ಬಲವಂತ ಮಾಡಿ ಟಿಕೆಟ್ ತೆಗೆದುಕೊಂಡದ್ದಕ್ಕೆ ಕಂಡಕ್ಟರ್ ಅವನನ್ನು ಕನಿಕರದಿಂದ ನೋಡಿದ, ವಯಸ್ಸಾಯಿತು ಎಂಬಂತೆ. ಪಕ್ಕದವರೂ ನೋಡಿದರು. ಕತ್ತು ಉದ್ದ ಮಾಡಿ ಮುಂದಿನ ಸೀಟುಗಳನ್ನು ಒಂದೊಂದಾಗಿ ನೋಡಿದ. ಒಬ್ಬ ಮುದುಕಿ, ಅವಳ ತೊಡೆಯ ಮೇಲೆ ಹಲಸಿನ ತೊಳೆಯ ಚೀಲ, ಕಿಟಕಿಗೆ ತಲೆ ಆನಿಸಿ ಮಲಗಿದ್ದ ಇಬ್ಬರು ಕಾಲೇಜು ಹುಡುಗರು. ಅವನ ಪ್ರಾಯದವರು, ಅವನಂತೆ ತೋಳು ಮಡಚಿದ ಬಿಳಿ ಅಂಗಿಯವರು, ಯಾರೂ ಇರಲಿಲ್ಲ. ನೋಡಬಾರದಿತ್ತು ಅನ್ನಿಸಿತು. ಕಿಟಕಿಯ ಆಚೆ ಮೇ ತಿಂಗಳ ಬಿಸಿಲು ನೆಲಕ್ಕೆ ಅಂಟಿಕೊಂಡು ಬಿದ್ದಿತ್ತು. ಮೂರು ವರ್ಷದ ಹಿಂದೆ, ಅವತ್ತೂ ಇಂಥದೇ ಬಿಸಿಲು. ಅವತ್ತು ರಸ್ತೆಯಲ್ಲಿ ನರಪಿಳ್ಳೆ ಇರಲಿಲ್ಲ, ಗಿರಣಿಯ ಸದ್ದಿಲ್ಲ, ತರಕಾರಿ ಗಾಡಿಯವನ ಕೂಗಿಲ್ಲ. ಮಧ್ಯಾಹ್ನ ಎರಡಕ್ಕೆ ಮಧ್ಯರಾತ್ರಿಯ ಮೌನ. ಆ ಮೌನದಲ್ಲಿ ನಡುಗೋಡೆಯ ಆಚೆಯಿಂದ ಬಡಿತ ಕೇಳತೊಡಗಿತು. ಮೂರು ಸಲ. ಆಮೇಲೆ ಒಬ್ಬ ಮನುಷ್ಯ ಉಸಿರು ಕೂಡಿಸಿಕೊಳ್ಳುವಷ್ಟು ಬಿಡುವು. ಮತ್ತೆ ಮೂರು ಸಲ.

ರಾಮಚಂದ್ರಪ್ಪನ ಕೈ ಅದು ಎಂದು ಹೇಳಬೇಕಾಗಿರಲಿಲ್ಲ. ಲೇತ್ ಮಷೀನಿನಲ್ಲಿ ದುಡಿದ ಕೈ, ಗಂಟು ಗಂಟು ಬೆರಳು. ಅವನಿಗೆ ಪಾಸಿಟಿವ್ ಬಂದು ಐದು ದಿನವಾಗಿತ್ತು, ಜಲಜಮ್ಮನಿಗೆ ಮೂರು ದಿನ. ಮಗಳು ಸುಶ್ಮಿತಾ ಮೈಸೂರಿನ ಹಾಸ್ಟೆಲಿನಲ್ಲಿ ಸಿಕ್ಕಿಕೊಂಡಿದ್ದಳು. ವೀರೇಂದ್ರ ಮೊದಲು ಮಾಡಿದ್ದು ಆಂಬುಲೆನ್ಸಿಗೆ ಫೋನು. ಅದನ್ನು ಅವನು ಮಾಡಿದ, ಅದರಲ್ಲಿ ಸುಳ್ಳಿಲ್ಲ. ಎಲ್ಲ ಕಡೆ ಹೋಗಿವೆ, ಕಾಯಬೇಕು ಅಂದರು. ಬಡಿತ ನಿಲ್ಲಲಿಲ್ಲ. ಪ್ರತಿ ಏಟಿಗೂ ಗೋಡೆಯ ಸುಣ್ಣ ಪುಡಿಪುಡಿಯಾಗಿ ಕುರ್ಚಿಯ ಮೇಲೆ ಉದುರುತ್ತಿತ್ತು. ಹೆಂಡತಿ ಜಯಾ ಒಳಕೋಣೆಯಲ್ಲಿ ಮಲಗಿದ್ದಳು, ಉಬ್ಬಸದವಳು, ಇನ್ಹೇಲರ್ ತಲೆದಿಂಬಿನ ಪಕ್ಕದಲ್ಲೇ ಇಟ್ಟುಕೊಂಡು ಮಲಗುವವಳು. ಈ ರೋಗ ಅವಳಿಗೆ ತಗುಲಿದರೆ ಉಳಿಯುವುದಿಲ್ಲ ಎಂದು ಡಾಕ್ಟರು ಮುಖಕ್ಕೆ ಹೇಳಿದ್ದರು. ಅದೆಲ್ಲ ನಿಜ. ಆದರೆ ಅದಕ್ಕೂ ಏಳೆಂಟು ವರ್ಷ ಹಿಂದೆ ಇದೇ ಜಯಾಳಿಗೆ ಉಸಿರು ಕಟ್ಟಿದಾಗ ಬಾಗಿಲು ತಟ್ಟಿದ ಕೂಡಲೇ ಎದ್ದು ಬಂದು, ಬರಿಗಾಲಲ್ಲೇ ಓಡಿ ಆಟೋ ಹಿಡಿದು ತಂದು, ಆಸ್ಪತ್ರೆಯ ಮೆಟ್ಟಿಲಲ್ಲಿ ಅವಳನ್ನು ಎತ್ತಿ ನಡೆದವನು ರಾಮಚಂದ್ರಪ್ಪ. ಅವನು ಏನನ್ನೂ ಬೇರೆ ಮಾಡಿ ನೋಡಲಿಲ್ಲ. ಚಪ್ಪಲಿಯನ್ನು ಕೂಡ ನೋಡಲಿಲ್ಲ.

ವೀರೇಂದ್ರ ಎದ್ದ. ನೀಲಿ ಚೌಕಳಿಯ ಟವಲನ್ನು ಮೂಗು ಬಾಯಿ ಮುಚ್ಚುವಂತೆ ಕಟ್ಟಿಕೊಂಡ. ಚೊಂಬಿನಲ್ಲಿ ಆರಿಸಿದ ನೀರು ತುಂಬಿಕೊಂಡ, ಒಂದು ಚಮಚ ತೆಗೆದುಕೊಂಡ. ಹಿತ್ತಲ ಬಾಗಿಲವರೆಗೂ ಹೋದ. ಚಿಲಕದ ಮೇಲೆ ಕೈ ಇಟ್ಟ. ಕಬ್ಬಿಣ ಬಿಸಿಲಿಗೆ ಕಾದು ಮೈ ಬೆಚ್ಚಗಿನ ಪ್ರಾಣಿಯ ಹಾಗಿತ್ತು. ಅಲ್ಲಿ ನಿಂತವನಿಗೆ ಪದಗಳು ಒಂದರ ಹಿಂದೆ ಒಂದು ಬಂದವು, ಬೋರ್ಡಿನ ಮೇಲೆ ಬರುವ ಕ್ರಮದಲ್ಲೇ. ನಾನು ಹೋಗಿ ಏನು ಮಾಡಬಲ್ಲೆ, ಡಾಕ್ಟರಲ್ಲ. ರೋಗ ತಂದು ಜಯಾಳಿಗೆ ಹಚ್ಚಿದರೆ? ಆಂಬುಲೆನ್ಸ್ ಬರುತ್ತದೆ. ಪ್ರತಿಯೊಂದೂ ಸರಿಯಾದ ಮಾತೇ. ಒಂದನ್ನೂ ತಪ್ಪು ಎಂದು ಈಗಲೂ ಯಾರೂ ಹೇಳಲಾರರು. ಚಿಲಕ ಸರಿಸಲಿಲ್ಲ. ಚೊಂಬನ್ನು ಅಡುಗೆಕಟ್ಟೆಯ ಮೇಲಿಟ್ಟು, ಟವಲು ಬಿಚ್ಚಿ ಅದರ ಪಕ್ಕದಲ್ಲಿಟ್ಟು, ಹೊರಗಿನ ಕೋಣೆಗೆ ಬಂದು ಕೂತು ಟಿ.ವಿ. ಹಚ್ಚಿದ. ಸದ್ದು ಜಾಸ್ತಿ ಮಾಡಿದ. ಇನ್ನೂ ಜಾಸ್ತಿ ಮಾಡಿದ. ಜಿಲ್ಲಾವಾರು ಅಂಕಿಗಳು ಕೆಂಪು ಅಕ್ಷರದಲ್ಲಿ ಓಡುತ್ತಿದ್ದವು. ಹೀಗಾಗಿ ಬಡಿತ ಎಷ್ಟು ಹೊತ್ತಿಗೆ ನಿಂತಿತು ಎಂಬುದು ಅವನಿಗೆ ಗೊತ್ತಿಲ್ಲ. ಮೂರು ವರ್ಷದಲ್ಲಿ ಬೇರೆ ಯಾವುದಕ್ಕಿಂತ ಹೆಚ್ಚಾಗಿ ಅವನನ್ನು ತಿಂದದ್ದು ಅದೇ. ಐದೂವರೆಗೆ ಬಿಳಿ ಕವಚ ತೊಟ್ಟ ಇಬ್ಬರು ಬಂದಾಗ ರಾಮಚಂದ್ರಪ್ಪ ಗೋಡೆಗೆ ಒರಗಿಯೇ ಹೋಗಿಬಿಟ್ಟಿದ್ದನಂತೆ. ಓಣಿಯವರು ತಮ್ಮ ತಮ್ಮ ಗೇಟಿನ ಒಳಗಡೆಯಿಂದಲೇ ಹೇಳಿದರು: "ಫೋನ್ ಮಾಡಿದ್ರಲ್ಲ ಮೇಷ್ಟ್ರೇ, ದೊಡ್ಡ ಕೆಲಸ. ಒಳಗೆ ನುಗ್ಗದೇ ಇದ್ರಲ್ಲ, ಅದು ವಿವೇಕ." ಅವನು ತಲೆಯಾಡಿಸಿದ್ದ. ಬಸ್ಸು ವಿದ್ಯಾನಗರ ದಾಟಿ ತುಂಗಾ ಸೇತುವೆ ಹತ್ತಿತು. ಕೆಳಗೆ ಬಂಡೆಗಳ ನಡುವೆ ನೀರು ಸಣ್ಣಗೆ, ಯಾರಿಗೂ ಕೇಳದ ಹಾಗೆ ಹರಿಯುತ್ತಿತ್ತು.

ಜಲಜಮ್ಮ ಬಾಗಿಲಲ್ಲೇ ಕಾಯುತ್ತಿದ್ದಳು. ಕೂದಲು ಬೆಳ್ಳಗಾಗಿತ್ತು, ಮುಖ ಮಾತ್ರ ಹಾಗೇ ಇತ್ತು. "ಬನ್ನಿ ಮೇಷ್ಟ್ರೇ, ಜಯಕ್ಕ ಹೇಗಿದಾರೆ, ಉಬ್ಬಸ ಹೇಗಿದೆ" ಎಂದು ಕೇಳುತ್ತ ಒಳಗೆ ಕರೆದು ಕೂರಿಸಿದಳು. ಸುಶ್ಮಿತಾ ಕಾಫಿ ತಂದಿಟ್ಟು ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. ಯಾವುದೋ ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ಕೆಲಸ ಅವಳಿಗೆ. ನೋಟದಲ್ಲೂ ಆ ಕೆಲಸದ ನಿಖರತೆ ಬಂದುಬಿಟ್ಟಿತ್ತು. ಅವಳಿಗೆ ಮದುವೆ ಗೊತ್ತಾಗಿದೆ, ಹುಡುಗ ಇಲ್ಲೇ ಶಿವಮೊಗ್ಗದವನು, ಜ್ಞಾನೇಶ್ ಅಂತ, ಮುಂದಿನ ತಿಂಗಳು ಹದಿನಾರಕ್ಕೆ ಮುಹೂರ್ತ ಎಂದು ತಾಯಿ ಹೇಳಿದಳು. ಇಷ್ಟೇನಾ ಎಂದು ವೀರೇಂದ್ರನ ಎದೆ ಹಗುರಾಗುವಷ್ಟರಲ್ಲಿ ಜಲಜಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಧಾರೆ ನೀವೂ ಜಯಕ್ಕನೂ ಎರೀಬೇಕು. ನಮ್ಮ ಮೈದುನ ಇದಾನೆ, ನಾನಿಲ್ವಾ ಅಂತಾನೆ. ಅವತ್ತು ಗೇಟಿನ ಹತ್ರಾನೂ ಬರ್ಲಿಲ್ಲ ಅವನು. ಇವಳಪ್ಪನಿಗೆ ಕೊನೇ ಗುಟುಕು ನೀರು ಬಿಟ್ಟಿದ್ದು ನೀವು. ಮಗಳನ್ನ ನೀರು ಬಿಟ್ಟು ಕೊಡೋದೂ ನಿಮ್ಮ ಕೈಯೇ ಆಗ್ಬೇಕು."

ಅವನಿಗೆ ಮಾತು ಅರ್ಥವಾಗಲಿಲ್ಲ. "ಜಲಜಮ್ಮ, ಯಾವ..." ಅಂದ.

"ನಾನು ನಡುಮನೇಲಿ ಮಲಗಿದ್ದೆ. ಏಳೋಕಾಗ್ತಿರ್ಲಿಲ್ಲ. ಆದ್ರೆ ಕಣ್ಣು ಕಾಣ್ತಿತ್ತು. ನೀವು ಹಿತ್ತಲ ಬಾಗಿಲಿಂದ ಬಂದ್ರಿ. ಮೂಗಿಗೆ ನೀಲಿ ಚೌಕಳಿ ಟವಲ್ ಕಟ್ಟಿದ್ರಿ. ಕೈಲಿ ಚೊಂಬು, ಚಮಚ. ನನ್ನ ದಾಟ್ಕೊಂಡೇ ಹೋದ್ರಿ. ಅವರ ತಲೇನ ತೊಡೆ ಮೇಲೆ ಇಟ್ಕೊಂಡು ಒಂದೊಂದೇ ಚಮಚ ಬಿಟ್ರಿ. ಒಂದು ಮಾತಾಡ್ಲಿಲ್ಲ. ಅವರು ಗೋಡೆ ಬಡಿಯೋದು ಆವಾಗ್ಲೇ ನಿಲ್ಸಿದ್ದು."

ಕೋಣೆಯ ಫ್ಯಾನು ತಿರುಗುತ್ತಿತ್ತು. ಟವಲಿನ ಬಣ್ಣ ಈಕೆಗೆ ಹೇಗೆ ಗೊತ್ತು? ಅದನ್ನು ಅವನು ಕಟ್ಟಿದ್ದು ಅಡುಗೆಮನೆಯಲ್ಲಿ, ಬಿಚ್ಚಿದ್ದು ಅಡುಗೆಮನೆಯಲ್ಲಿ. ಚಮಚ? ಚಮಚದ ವಿಷಯ ಜಗತ್ತಿನಲ್ಲಿ ಅವನೊಬ್ಬನಿಗೇ ಗೊತ್ತಿರಬೇಕಾದದ್ದು. ಇಲ್ಲ, ನಾನು ಬರಲಿಲ್ಲ ಎಂದು ಹೇಳಬೇಕಾದ ಕ್ಷಣ ಎದುರಿಗೇ ಬಂದು ನಿಂತಿತು, ಸುಮ್ಮನೆ ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಆಕೆ ಆ ನೆನಪನ್ನು ಹಿಡಿದುಕೊಂಡು ಮೂರು ವರ್ಷ ಬದುಕಿದ್ದಾಳೆ, ಕಿತ್ತುಕೊಂಡರೆ ಏನಾಗುತ್ತಾಳೋ ಎಂಬ ಸರಿಯಾದ ಮಾತೊಂದು ಆ ಕೈಯನ್ನು ತಡೆಯಿತು. ಮತ್ತೆ ಸರಿಯಾದ ಮಾತೇ. ಅವನು ಕಾಫಿ ಲೋಟ ಎತ್ತಿಕೊಂಡು, "ಜಯಾನ ಕೇಳಿ ಹೇಳ್ತೀನಿ" ಎಂದ.

ಕಳಿಸಲು ಗೇಟಿನವರೆಗೂ ಬಂದ ಸುಶ್ಮಿತಾ ಅಲ್ಲಿ ತಡೆದು ನಿಲ್ಲಿಸಿದಳು. "ಅಂಕಲ್, ಒಂದು ಮಾತು. ಅವತ್ತು ಅಮ್ಮನಿಗೆ ನೂರಾನಾಲ್ಕು ಜ್ವರ ಇತ್ತಂತೆ. ಅಂಥ ಜ್ವರದಲ್ಲಿ ಇಲ್ಲದ್ದೆಲ್ಲ ಕಾಣುತ್ತೆ. ನಾನು ಅಮ್ಮನಿಗೆ ಹಾಗಂತ ಹೇಳಿಲ್ಲ. ನೀವು ಬಂದಿದ್ರಾ?"

"ಅಮ್ಮ ಹೇಳಿದ್ರಲ್ಲಮ್ಮ..."

"ಅಮ್ಮ ಹೇಳಿದ್ದು ಕೇಳ್ದೆ. ನಿಮ್ಮನ್ನ ಕೇಳ್ತಿದೀನಿ. ನನ್ನಪ್ಪ ಹೋಗುವಾಗ ಹತ್ರ ಯಾರಾದ್ರೂ ಇದ್ರಾ?"

ಗೇಟಿನ ಕಂಬಿ ಹಿಡಿದ ಅವಳ ಬೆರಳುಗಳು ಅಪ್ಪನವೇ, ಗಂಟು ಗಂಟು. ವೀರೇಂದ್ರ ಅವನ್ನು ನೋಡುತ್ತ "ಬಂದಿದ್ದೆ" ಅಂದ. ಅದು ತನ್ನ ದನಿ ಎಂದು ಅವನಿಗೆ ಗುರುತು ಹತ್ತುವ ಮೊದಲೇ ಹುಡುಗಿ ಬಗ್ಗಿ ಅವನ ಎರಡೂ ಪಾದ ಮುಟ್ಟಿ ನಮಸ್ಕಾರ ಮಾಡಿದಳು. ಬಿಸಿಲಲ್ಲಿ, ನಡುಬೀದಿಯಲ್ಲಿ, ಹೋಗಿಬರುವವರ ಎದುರಿಗೆ. ಪಾದದ ಮೇಲೆ ಅವಳ ಕಣ್ಣೀರು ಬಿದ್ದ ಜಾಗ ಬಸ್‌ಸ್ಟ್ಯಾಂಡಿನವರೆಗೂ ಉರಿಯಿತು. ಚಪ್ಪಲಿ ಕಳಚಿ ಎಲ್ಲಾದರೂ ಎಸೆದುಬಿಡಬೇಕು ಅನ್ನಿಸಿತು, ಆದರೆ ಉರಿ ಇದ್ದದ್ದು ಚಪ್ಪಲಿಯಲ್ಲಲ್ಲ.

ಜನ್ನಾಪುರದ ಮನೆಗೆ ಬಂದಾಗ ಸಂಜೆ ಐದೂ ಮುಕ್ಕಾಲು. ಜಯಾ ಹಿತ್ತಲಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ಟಿ.ವಿ. ಇದ್ದ ಹೊರಗಿನ ಕೋಣೆಯಲ್ಲಿ ಕೂರಲಾರದೆ ವೀರೇಂದ್ರ ಹಿತ್ತಲ ಮೆಟ್ಟಿಲ ಮೇಲೇ ಕೂತ. ಮದುವೆ ವಿಷಯ ಹೇಳಿದ, ಧಾರೆಯ ವಿಷಯ ಹೇಳಿದ. ಕೊನೆಗೆ, ನಗುವಂತೆ ಹೇಳಬೇಕೆಂದುಕೊಂಡು, "ನಾನು ಅವತ್ತು ಹೋಗಿ ರಾಮಚಂದ್ರಪ್ಪನಿಗೆ ನೀರು ಬಿಟ್ಟೆ ಅಂತಾರೆ ಮಾರಾಯ್ತಿ" ಎಂದ.

ಜಯಾ ಬಟ್ಟೆ ಮಡಚುವುದನ್ನು ನಿಲ್ಲಿಸಲಿಲ್ಲ. "ಕೊನೆಗೂ ನಿಮ್ಮ ಬಾಯಲ್ಲಿ ಬಂತಲ್ಲ" ಅಂದಳು.

"ಏನು?"

"ನನಗೆ ಗೊತ್ತಿತ್ತು ಕಣ್ರೀ. ಗೋಡೆ ಬಡಿಯೋದು ನನಗೂ ಕೇಳಿಸ್ತಿತ್ತು. ನಿದ್ದೆ ಎಲ್ಲಿ ಬರುತ್ತೆ? ಎದ್ದು ಬಂದೆ. ಹಿತ್ತಲ ಚಿಲಕ ತೆಗೆದೇ ಇತ್ತು. ಅವರ ಹಿತ್ತಲ ಬಾಗಿಲವರೆಗೂ ಹೋದೆ. ನೀವು ಆ ಕಡೆ ತಿರುಗಿ ಬಗ್ಗಿ ಕೂತಿದ್ರಿ. ಟವಲಿನ ಗಂಟು ಕತ್ತಿನ ಹಿಂದೆ ಕಾಣ್ತಿತ್ತು. ಅವರ ಕೈ ನಿಮ್ಮ ಭುಜದ ಮೇಲಿತ್ತು. ನನಗೆ ಹೊಸ್ತಿಲು ದಾಟೋಕೆ ಕಾಲು ಬರ್ಲಿಲ್ಲ. ನೀವಿದ್ದೀರಲ್ಲ ಅಂತ ಸಮಾಧಾನ ಮಾಡ್ಕೊಂಡು ವಾಪಸ್ ಬಂದು ಮಲಗ್ದೆ." ಮಡಚಿದ ಅಂಗಿಯ ಮೇಲೆ ಅಂಗೈ ಒತ್ತಿದಳು. "ಓಣಿಯವರು ನೀವು ಒಳಗೆ ಹೋಗ್ಲೇ ಇಲ್ಲ ಅಂತ ಹೊಗಳ್ವಾಗ ನೀವು ಸುಮ್ನಿದ್ರಿ. ಗೊತ್ತಾದ್ರೆ ಹಾಲು ಹಾಕೋನೂ ಬರಲ್ಲ ಅಂತ ಮುಚ್ಚಿಟ್ರಿ ಅಂದ್ಕೊಂಡೆ. ಹದಿನಾಲ್ಕು ದಿನ ನಿಮಗೆ ಹೊರಗಿನ ರೂಮಲ್ಲಿ ಹಾಸಿ ಕೊಟ್ಟೆನಲ್ಲ, ಯಾಕೆ ಅಂತ ನೀವು ಕೇಳಿದ್ರಾ? ಅವತ್ತಿಂದ ನಿಮ್ಮ ಮೇಲೆ..." ಮಾತು ಪೂರ್ತಿ ಮಾಡದೆ ನಾಚಿಕೊಂಡಳು. ಐವತ್ತು ದಾಟಿದ ಹೆಂಗಸು, ಹುಡುಗಿಯ ಹಾಗೆ.

ಈ ಮೂರು ವರ್ಷ ಅವಳು ತನ್ನನ್ನು ನೋಡುತ್ತಿದ್ದ ರೀತಿಯಲ್ಲಿ ಏನೋ ಒಂದು ಮೆತ್ತಗಾಗಿದ್ದು ವೀರೇಂದ್ರನ ಗಮನಕ್ಕೆ ಬಂದಿತ್ತು. ವಯಸ್ಸು ಅಂದುಕೊಂಡಿದ್ದ. ಊಟ ಬಡಿಸುವಾಗ, ಔಷಧಿ ಕೇಳುವಾಗ, ಸುಮ್ಮನೆ ಪಕ್ಕದಲ್ಲಿ ಕೂತಾಗ ಅವಳು ಆದರಿಸುತ್ತಿದ್ದದ್ದು ತನ್ನನ್ನಲ್ಲ, ಆ ಮಧ್ಯಾಹ್ನ ಟವಲು ಕಟ್ಟಿಕೊಂಡು ಹೋದ ಇನ್ನೊಬ್ಬನನ್ನು. ತನ್ನ ಮನೆಯಲ್ಲಿ ತನ್ನ ತಟ್ಟೆಯಲ್ಲಿ ಉಣ್ಣುತ್ತಿದ್ದವನು ಅವನು. ವೀರೇಂದ್ರನಿಗೆ ಹೊಟ್ಟೆಕಿಚ್ಚಾಯಿತು; ಹೊಟ್ಟೆಕಿಚ್ಚಾದದ್ದಕ್ಕೆ ಹೆದರಿಕೆಯಾಯಿತು. ಸುಮ್ಮನಿದ್ದುಬಿಟ್ಟರೆ ಯಾರಿಗೂ ನಷ್ಟವಿಲ್ಲ. ಜಲಜಮ್ಮನಿಗೆ ನೆಮ್ಮದಿ, ಹುಡುಗಿಗೆ ನೆಮ್ಮದಿ, ಜಯಾಳಿಗೆ ಗಂಡ. ಅಷ್ಟು ಚೆನ್ನಾಗಿ, ಅಷ್ಟು ಸ್ಪಷ್ಟವಾಗಿ ಅವನಿಗೆ ಜೀವನದಲ್ಲಿ ಯಾವುದೂ ಬೇರ್ಪಟ್ಟು ಕಂಡಿರಲಿಲ್ಲ.

"ಜಯಾ, ನಾನು ಹೋಗಿರ್ಲಿಲ್ಲ."

"ಹಾಂ?"

"ಟವಲ್ ಕಟ್ಟಿದ್ದು ನಿಜ. ನೀರು ತಗೊಂಡಿದ್ದು ನಿಜ. ಚಿಲಕದವರೆಗೂ ಹೋದೆ. ತೆಗೀಲಿಲ್ಲ. ವಾಪಸ್ ಬಂದು ಟಿ.ವಿ. ಸದ್ದು ಜಾಸ್ತಿ ಮಾಡಿ ಕೂತೆ. ಆ ಬಡಿತ ಕೇಳ್ಬಾರ್ದು ಅಂತ."

ಜಯಾ ಅವನನ್ನು ನೋಡಿದಳು. ಅವನು ತಮಾಷೆ ಮಾಡುವ ಜಾತಿಯವನಲ್ಲ ಎಂದು ಮೂವತ್ತು ವರ್ಷದಿಂದ ಗೊತ್ತಿದ್ದವಳು. ಮಡಿಲಲ್ಲಿದ್ದ ಬಟ್ಟೆ ಒಂದೊಂದಾಗಿ ಕಲ್ಲಿನ ಮೇಲೆ ಜಾರಿದವು. ಆಮೇಲೆ ಬಹಳ ಸಣ್ಣ ದನಿಯಲ್ಲಿ ಕೇಳಿದಳು:

"ಹಾಗಾದ್ರೆ ನಾನು ಯಾರನ್ನ ನೋಡಿ ವಾಪಸ್ ಬಂದೆ?"

ಆ ಪ್ರಶ್ನೆ ಅವರಿಬ್ಬರ ನಡುವೆ ರಾತ್ರಿಯೆಲ್ಲ ಇತ್ತು. ಊಟ ಮಾಡಿದರು. ತಾನು ಹೊಸ್ತಿಲಿನಿಂದ ಹಿಂದಿರುಗಿದ್ದಕ್ಕೆ ಇದ್ದ ಒಂದೇ ಸಮರ್ಥನೆಯನ್ನು ಈ ಮನುಷ್ಯ ಕಿತ್ತುಕೊಂಡ ಎಂಬಂತೆ ಅವಳು, ತನಗಿಂತ ಹತ್ತು ಹೆಜ್ಜೆ ಮುಂದೆ ಹೋಗಿದ್ದಳಲ್ಲ ಇವಳು ಎಂಬಂತೆ ಅವನು, ಒಬ್ಬರನ್ನೊಬ್ಬರು ನೋಡದೆ ಮಲಗಿದರು. ಬೆಳಿಗ್ಗೆ ಭಾನುವಾರ, ಅವನು ಎದ್ದಾಗ ಜಯಾ ಸೀರೆ ಉಟ್ಟು, ಇನ್ಹೇಲರನ್ನು ಕೈಚೀಲಕ್ಕೆ ಹಾಕಿಕೊಂಡು, ಬಾಗಿಲ ಬಳಿ ಕೂತಿದ್ದಳು. "ಏಳೂವರೆ ಬಸ್ಸಿಗೆ ಹೋಗೋಣ. ನೀವು ಹೇಳೋದು ನೀವು ಹೇಳಿ. ನಾನೂ ಹೇಳೋದಿದೆ" ಅಂದಳು.

ಜಲಜಮ್ಮ ಮತ್ತು ಸುಶ್ಮಿತಾ ಇಬ್ಬರನ್ನೂ ಕೂರಿಸಿಕೊಂಡು ಅವನು ಹೇಳಿದ. ಕಡಿಮೆ ಮಾಡಲಿಲ್ಲ, ಟಿ.ವಿ.ಯನ್ನೂ ಬಿಡಲಿಲ್ಲ. ನಿನ್ನೆ ಗೇಟಿನಲ್ಲಿ ಆಡಿದ ಸುಳ್ಳನ್ನು ಸುಶ್ಮಿತಾಳ ಮುಖ ನೋಡಿಯೇ ಹೇಳಿದ. ಅವಳು ಎದ್ದು ಕಿಟಕಿಯ ಹತ್ತಿರ ಹೋಗಿ ಬೆನ್ನು ಮಾಡಿ ನಿಂತಳು. ಜಯಾ ತಾನು ಹೊಸ್ತಿಲವರೆಗೂ ಬಂದು ತಿರುಗಿದ್ದನ್ನು ಹೇಳುವಾಗ ಎರಡು ಸಲ ಉಸಿರು ಹಿಡಿಯಿತು. ಜಲಜಮ್ಮ ಮಾತ್ರ, ಬೇರೆ ಯಾರದೋ ಮನೆಯ ಸುದ್ದಿ ಕೇಳುವವಳ ಹಾಗೆ, ತಲೆ ಸ್ವಲ್ಪ ಓರೆ ಮಾಡಿಕೊಂಡು ಕೂತಿದ್ದಳು. ಎಲ್ಲ ಮುಗಿದ ಮೇಲೆ ಕೇಳಿದಳು:

"ಅವರ ತುಟಿ ಒದ್ದೆ ಇತ್ತಲ್ಲ ಮೇಷ್ಟ್ರೇ. ಆಂಬುಲೆನ್ಸಿನವರು ಬರೋದಕ್ಕೆ ಮುಂಚೆ ನಾನು ತೆವಳ್ಕೊಂಡು ಹೋಗಿ ಸೆರಗಲ್ಲಿ ಒರೆಸಿದೀನಿ. ಗಡ್ಡದ ಮೇಲೆಲ್ಲ ನೀರಿತ್ತು. ಅಂಗಿ ಕಾಲರ್ ನೆಂದಿತ್ತು. ಮನೇಲಿ ಒಂದು ಹನಿ ನೀರು ತುಂಬಿಡೋರು ಇರ್ಲಿಲ್ಲ."

ಕೆಳಗಡೆ ಬೀದಿಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋದಳು. ವೀರೇಂದ್ರ ಏಳಲು ಕುರ್ಚಿಯ ಕೈ ಹಿಡಿದ. ಧಾರೆಗೆ ಮೈದುನನನ್ನೇ ಕರೆಯಿರಿ ಎಂದು ಹೇಳಿ ಹೊರಟುಬಿಡುವುದು ಎಂದು ದಾರಿಯಲ್ಲೇ ನಿಶ್ಚಯ ಮಾಡಿಕೊಂಡಿದ್ದ. ಅದನ್ನೂ ಹೇಳಿದ.

"ಕೂತ್ಕೊಳ್ಳಿ" ಅಂದಳು ಜಲಜಮ್ಮ. ದನಿ ಗಡುಸಾಗಿತ್ತು. "ಸಿಟ್ಟು ಬಂದಿದೆ ನನಗೆ. ಇಲ್ಲ ಅಂತ ಹೇಳಲ್ಲ. ಇವತ್ತು ಬಂದಿದೆ, ಬಹಳ ದಿನ ಇರುತ್ತೆ ಅದು. ಆದ್ರೆ ಧಾರೆಗೆ ಯಾರನ್ನ ಕರೀಲಿ? ಅವತ್ತು ಬಂದೋರನ್ನ ನಾನು ಎಲ್ಲಿ ಅಂತ ಹುಡುಕ್ಲಿ? ಅವರ ಮುಖ ನಿಮ್ಮ ಹತ್ರ ಇದೆ. ನೀವೇ ಬನ್ನಿ."

ಸುಶ್ಮಿತಾ ಕಿಟಕಿಯಿಂದ ತಿರುಗಲಿಲ್ಲ. ಬೇಡ ಅಂತಲೂ ಅನ್ನಲಿಲ್ಲ. ಜಯಾ ಚೀಲದ ಬಾಯಿ ಹಿಡಿದುಕೊಂಡು ಗಂಡನನ್ನೇ ನೋಡುತ್ತಿದ್ದಳು, ಮೊದಲ ಸಲ ನೋಡುವವಳ ಹಾಗೆ, ಯಾವುದನ್ನೂ ಮುಂಚಿತವಾಗಿ ನಂಬದ ಕಣ್ಣಿನಿಂದ.

"ಬರ್ತೀನಿ" ಎಂದ ವೀರೇಂದ್ರ. ಆ ಮಾತು ತನ್ನ ಗಂಟಲಿನಿಂದಲೇ ಬಂತೇ ಎಂದು ಅನುಮಾನವಾಗಿ, ಇನ್ನೊಮ್ಮೆ, ಸ್ವಲ್ಪ ಜೋರಾಗಿ, "ನಾನೇ ಬರ್ತೀನಿ" ಎಂದ.